ಹಾಸನದ ಕಲ್ಯಾಣ ಮಂಟಪದ ಎಸಿ: ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ?

ಪ್ರಶ್ನೆ: ನಮಸ್ಕಾರ ಸರ್. ಹಾಸನದಲ್ಲಿ ನಮ್ಮದೊಂದು ಕಲ್ಯಾಣ ಮಂಟಪ ಇದೆ. 2012ರಲ್ಲಿ ಹಾಕಿಸಿದ 10 ಟನ್ನಿನ ಎರಡು ಡಕ್ಟ್ ಎಸಿ (ಕೊಳವೆ ಮೂಲಕ ಹಾಲ್‌ಗೆ ತಂಪು ಗಾಳಿ ಬಿಡುವಂಥವು), ಗ್ಯಾಸ್ ಆರ್-22. ಒಂದರ ಕಂಪ್ರೆಸರ್ ಸುಟ್ಟಿದೆ. ರಿಪೇರಿಗೆ 1.2 ಲಕ್ಷ ಕೇಳುತ್ತಿದ್ದಾರೆ. ಇನ್ನೊಬ್ಬರು ಬಂದು ‘ಈ ಗ್ಯಾಸ್ ಬ್ಯಾನ್ ಆಗಿದೆ, ಎರಡನ್ನೂ ತೆಗೆದುಬಿಡಿ, 10 ಲಕ್ಷ ಆಗುತ್ತದೆ’ ಅಂದರು. ವರ್ಷಕ್ಕೆ 60 ದಿನ ಎಸಿ ಓಡಿದರೆ ಜಾಸ್ತಿ. ಏನು ಮಾಡಲಿ?

ಉತ್ತರ: ನಮಸ್ಕಾರ. ಗ್ಯಾಸ್ ವಿಷಯದಲ್ಲಿ ಸುಮ್ನೆ ಹೆದರಬೇಡಿ. 2025ರ ಜನವರಿಯಿಂದ ನಮ್ಮ ದೇಶದಲ್ಲಿ ಆರ್-22ರ ಹೊಸ ಎಸಿ ತಯಾರಿಸುವಂತಿಲ್ಲ, ಅಷ್ಟೇ. ಹಳೆಯದಕ್ಕೆ ತುಂಬಿಸಲು ಗ್ಯಾಸ್ ಈಗಲೂ ಸಿಗುತ್ತದೆ. 2030ರ ಹೊತ್ತಿಗೆ ಮಾತ್ರ ಅದು ಹೆಚ್ಚುಕಮ್ಮಿ ನಿಂತುಹೋಗುತ್ತದೆ.

ಕರೆಂಟ್ ಲೆಕ್ಕ ಹಾಕಿ ನೋಡಿ. ಹೊಸ ಎಸಿ ಗಂಟೆಗೆ 3 ಯೂನಿಟ್ ಉಳಿಸಿತು ಅಂತಿಟ್ಟುಕೊಳ್ಳಿ. 60 ದಿನ, ದಿನಕ್ಕೆ 8 ಗಂಟೆ ಅಂದರೆ 1,440 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 11,520 ರೂಪಾಯಿ. ಇದಕ್ಕೋಸ್ಕರ ಲಕ್ಷಗಟ್ಟಲೆ ಸುರಿಯಬೇಕಾ? ದಿನವಿಡೀ ಎಸಿ ಓಡುವ ಬಟ್ಟೆ ಅಂಗಡಿ ಆಗಿದ್ದರೆ ನಾನೇ ಹೊಸದು ಹಾಕಿಸಿ ಅನ್ನುತ್ತಿದ್ದೆ.

ನಾನಾದರೆ ಮೊದಲು ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ, ನೋಡುತ್ತೇನೆ. ಟಾರ್ಚ್ ಹಿಡಿದು ತಾಮ್ರದ ಬೆಂಡ್‌ಗಳನ್ನು ಒಂದೊಂದಾಗಿ ನೋಡಿಸಿ. ಧೂಳು ಎಣ್ಣೆ ಹೀರಿ ಕಪ್ಪಗೆ ಅಂಟಿಕೊಂಡಿದ್ದರೆ ಅಲ್ಲಿ ಗ್ಯಾಸ್ ಲೀಕ್ ಇದೆ ಅಂತಲೇ ಅರ್ಥ. ನೈಟ್ರೋಜನ್ ತುಂಬಿಸಿ ಒಂದು ರಾತ್ರಿ ಬಿಟ್ಟು, ಪ್ರೆಷರ್ ಇಳಿದಿದೆಯಾ ನೋಡಿದರೆ ಲೀಕ್ ಗೊತ್ತಾಗುತ್ತದೆ. ಕಾಯಿಲ್ ಗಟ್ಟಿ ಇದ್ದರೆ ರಿಪೇರಿ ಮಾಡಿಸಿ.

ಕಂಪ್ರೆಸರ್ ಯಾಕೆ ಸುಟ್ಟಿತು ಅಂತ ಕೇಳಿದಿರಾ? ಮಳೆಗಾಲದಲ್ಲಿ ಒಂದು ಫೇಸ್ ಹೋಗುವುದು ನಮ್ಮ ಕಡೆ ಮಾಮೂಲಿ ಅಲ್ವಾ. ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಕೆಲಸ ಮಾಡುತ್ತಿದೆಯಾ, ಕಂಪ್ರೆಸರ್‌ಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಪಾಯಿಂಟ್ ಸುಟ್ಟಿದೆಯಾ ನೋಡಿಸಿ. ಸುಟ್ಟ ಕಂಪ್ರೆಸರ್‌ನ ಎಣ್ಣೆಯಲ್ಲಿ ಆಸಿಡ್ ಇರುತ್ತದೆ. ಪೈಪ್ ತೊಳೆಯದೆ, ತೇವ ಹೀರುವ ಡ್ರೈಯರ್ ಬದಲಿಸದೆ, ಒಳಗಿನ ಗಾಳಿ ಎಳೆದು ಸರಿಯಾಗಿ ವ್ಯಾಕ್ಯೂಮ್ ಮಾಡದೆ ಹೊಸದನ್ನು ಕೂರಿಸಿದರೆ ಅದೂ ಸುಟ್ಟುಹೋಗುತ್ತದೆ.

ಪ್ರಶ್ನೆ: ನೋಡಿಸಿದೆ ಸರ್. ಸುಟ್ಟಿರುವ ಎಸಿಯ ಒಳಗಿನ ಕಾಯಿಲ್‌ನಲ್ಲಿ ಮೂರು ಕಡೆ ಎಣ್ಣೆ ಕಲೆ ಇದೆ. ಇನ್ನೊಂದು ಚೆನ್ನಾಗಿದೆ.

ಉತ್ತರ: ಹಾಗಾದರೆ ಅದಕ್ಕೆ 1.2 ಲಕ್ಷ ಹಾಕಬೇಡಿ. ಆ ಒಂದನ್ನು ಮಾತ್ರ ಬದಲಿಸಿ, ಇನ್ನೊಂದು ಓಡಲಿ. ಹೊಸದರಲ್ಲಿ ಒಳಗಿನದು, ಹೊರಗಿನದು ಎರಡೂ ಒಟ್ಟಿಗೇ ಬರಲಿ. ಹೊರಗಿನದು ಮಾತ್ರ ಹೊಸದು ಹಾಕುತ್ತೇವೆ ಅಂದರೆ ಒಪ್ಪಬೇಡಿ. ಹೊಸ ಎಸಿಗಳಲ್ಲಿ ಬರುವ ಆರ್-32, ಆರ್-410ಎ ಗ್ಯಾಸ್‌ಗಳ ಪ್ರೆಷರ್ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ, ಹಳೇ ಕಾಯಿಲ್ ತಡೆಯುವುದಿಲ್ಲ. ತಾಮ್ರದ ಪೈಪ್ ಕೂಡ ಹೊಸದೇ ಎಳೆಸಿ. ಡಕ್ಟ್ ಹಾಳಾಗಿಲ್ಲದಿದ್ದರೆ ಅದೇ ಸಾಕು.

ಹಳೆಯದರ ಫ್ಯಾನ್ ಮೋಟಾರ್ ಗುಜರಿಗೆ ಕೊಡಬೇಡಿ, ಉಳಿದ ಎಸಿಗೆ ಸ್ಪೇರ್ ಆಗುತ್ತದೆ. ಕೆಲಸಕ್ಕೆ ಆಷಾಢ ಹಿಡಿಯಿರಿ. ಮದುವೆ ಇರುವುದಿಲ್ಲ, ಹಾಲ್ ಖಾಲಿ ಇರುತ್ತದೆ, ಮೆಕ್ಯಾನಿಕ್‌ಗಳೂ ಬಿಡುವಾಗಿ ಸಿಗುತ್ತಾರೆ.