ಡಿಸ್ರಪ್ಟಿವ್ ಸೆಲೆಕ್ಷನ್‌ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ವಿಕಾಸವಾದದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ: ಡಿಸ್ರಪ್ಟಿವ್ ಸೆಲೆಕ್ಷನ್. ನಿಸರ್ಗದ ಆಯ್ಕೆಯಲ್ಲಿ ಕೆಲವೊಮ್ಮೆ ಯಾವುದೋ ಒಂದು ಗುಣದ ಅಳತೆಯಲ್ಲಿ ನಡುವಿನವು ಸೋತು ಎರಡೂ ತುದಿಯವು ಉಳಿದುಕೊಳ್ಳುತ್ತವಲ್ಲ, ಅದು.

ನಿಘಂಟು ಹಿಡಿದು ಹೊರಟರೆ 'ವಿಚ್ಛಿದ್ರಕಾರಿ ಆಯ್ಕೆ', 'ಅಡ್ಡಿಪಡಿಸುವ ಆಯ್ಕೆ' ಅಂತೆಲ್ಲ ಆಗುತ್ತದೆ. ಮೊದಲನೆಯದನ್ನು ಓದಿದರೆ ಬಾಂಬು ನೆನಪಾಗುತ್ತದೆ. ಎರಡನೆಯದಂತೂ ತಪ್ಪೇ. ಇಲ್ಲಿ ಯಾರೂ ಯಾವುದಕ್ಕೂ ಅಡ್ಡಿ ಮಾಡುತ್ತಿಲ್ಲ.

ನನ್ನ ಉದಾಹರಣೆ ಹೇಳಿಬಿಡುತ್ತೇನೆ, ಪದ ಹುಡುಕಲು ಅನುಕೂಲವಾದೀತು. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಪೈರೆನೆಸ್ಟಿಸ್ ಎಂಬ ಪುಟ್ಟ ಹಕ್ಕಿ ಇದೆ. ಬೀಜ ಒಡೆದು ತಿನ್ನುವಂಥದ್ದು, ನಮ್ಮ ರಾಟವಾಳಗಳ ಕುಟುಂಬದ್ದೇ. ಜಾತಿ ಒಂದೇ, ಆದರೆ ಕೊಕ್ಕು ಎರಡು ಅಳತೆಯವು: ದಪ್ಪ ಮತ್ತು ಸಣ್ಣ. ಇದು ಗಂಡು ಹೆಣ್ಣಿನ ವ್ಯತ್ಯಾಸವಲ್ಲ, ಎರಡರಲ್ಲೂ ಎರಡು ಬಗೆ ಉಂಟು. ಥಾಮಸ್ ಸ್ಮಿತ್ ಎಂಬ ವಿಜ್ಞಾನಿ ಇವನ್ನು ಹಿಡಿದು, ಕಾಲಿಗೆ ಬಳೆ ಹಾಕಿ ಬಿಟ್ಟು, ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ಜೇಕಿನ ಜಾತಿಯ ಎರಡು ಗಿಡಗಳಿವೆ. ಒಂದರ ಬೀಜ ಗಟ್ಟಿ, ಇನ್ನೊಂದರದು ಮೆದು. ಸುಗ್ಗಿಯಲ್ಲಿ ಎಲ್ಲವೂ ಮೆದು ಬೀಜವನ್ನೇ ತಿನ್ನುತ್ತವೆ. ಕಾಳು ಕಡಿಮೆಯಾದಾಗ ದಪ್ಪ ಕೊಕ್ಕಿನವು ಗಟ್ಟಿ ಬೀಜಕ್ಕೆ ತಿರುಗುತ್ತವೆ. ಸಣ್ಣ ಕೊಕ್ಕಿನವು ಮೆದು ಬೀಜ ಬಿಡಿಸುವುದರಲ್ಲಿ ಚುರುಕು. ನಡುವಿನ ಕೊಕ್ಕಿನ ಮರಿಗೆ ಅದೂ ಇಲ್ಲ, ಇದೂ ಇಲ್ಲ. ಪಕ್ಕಾ ಎಡಬಿಡಂಗಿ. ಅಂಥವು ಬೆಳೆದು ದೊಡ್ಡವಾಗುವುದೇ ಕಡಿಮೆ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸ್ಮಿತ್ ಇದನ್ನು ಬರೆದರು.

ಈಗ ಪದಗಳಿಗೆ ಬರೋಣ. ಗೆಳೆಯರೊಬ್ಬರು 'ಕವಲಾಯ್ಕೆ' ಅಂದರು. ಕಿವಿಗೆ ಹಿತವಾಗಿದೆ, ನಿಜ. ಆದರೆ ಕವಲು ಅಂದಮೇಲೆ ಒಡೆದು ಬೇರೆಯಾಗಿರಬೇಕು, ಅಲ್ವಾ? ಈ ಹಕ್ಕಿಗಳು ಹಾಗೆ ಒಡೆದಿಲ್ಲ. ದಪ್ಪ ಕೊಕ್ಕಿನದು ಸಣ್ಣ ಕೊಕ್ಕಿನದರ ಜೊತೆ ಕೂಡುತ್ತದೆ, ಮರಿಗಳೂ ಆಗುತ್ತವೆ. ಕೊಕ್ಕಿನ ಅಳತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಒಂದೇ ಜೀನು. ಹಾಗಾಗಿ ಅಂಥ ಜೋಡಿಯ ಮರಿಗಳೂ ಹೆಚ್ಚಾಗಿ ದಪ್ಪ ಇಲ್ಲವೇ ಸಣ್ಣ ಕೊಕ್ಕಿನವೇ ಆಗಿರುತ್ತವೆ. ಎರಡು ಜಾತಿಯಾಗುವ ಮಾತು ಇಲ್ಲಿಲ್ಲ. 'ಕವಲಾಯ್ಕೆ' ಅಂದರೆ ಇಲ್ಲದ್ದನ್ನು ಹೇಳಿದ ಹಾಗೆ.

'ತುದಿಯಾಯ್ಕೆ'ಯೂ ಸಾಲದು. ಬರೀ ಒಂದು ತುದಿಯ ಕಡೆಗೆ ವಾಲುವ ಆಯ್ಕೆಯೂ ಇದೆ. 'ಅತಿರೇಕದ ಗುಣಗಳ ಆಯ್ಕೆ' ಬೇಡವೇ ಬೇಡ. ಅತಿರೇಕ ಅಂದರೆ ನಮಗೆ ಬೈಗುಳ, ಪಾಪ ಹಕ್ಕಿ ಏನು ಮಾಡಿತು!

ನನಗೆ ಸದ್ಯಕ್ಕೆ ಹಿಡಿಸಿದ್ದು 'ಇಬ್ಬದಿ ಆಯ್ಕೆ'. ಒಂಬತ್ತನೇ ಕ್ಲಾಸಿನ ಅಣ್ಣನ ಮಗಳ ಮುಂದೆ ಇಟ್ಟೆ. "ಚಿಕ್ಕಪ್ಪ, ಎರಡೂ ಕಡೆಯವರು ನೋಡಿ ಒಪ್ಪೋದಾ, ಹೆಣ್ಣು ಗಂಡು ನೋಡೋ ಥರ?" ಅಂದಳು. ಅಲ್ಲಿಗೆ ಅದೂ ಕೆಟ್ಟಿತು.

ಅವಳಿಗೆ ಕೊನೆಗೆ ಅರ್ಥವಾಗಿದ್ದು ಜರಡಿಯಿಂದ. ಮನೆಯಲ್ಲಿ ಗೋಧಿ ಒಡೆಸಿ ತಂದಿದ್ದರು, ಅತ್ತಿಗೆ ಜರಡಿ ಹಿಡಿಯುತ್ತಿದ್ದರು. ದೊಡ್ಡ ಜರಡಿಯ ಮೇಲೆ ಬೂಸಾ ನಿಲ್ಲುತ್ತದೆ, ಸಣ್ಣ ಜರಡಿಯ ಕೆಳಗೆ ಹಿಟ್ಟು ಬೀಳುತ್ತದೆ, ನಡುವೆ ರವೆ. ನಮಗೆ ಬೇಕಾದದ್ದು ರವೆ. "ಈ ಆಯ್ಕೆ ಅಂದ್ರೆ ರವೆ ಎಸೆದು ಬೂಸಾನೂ ಹಿಟ್ಟೂ ಇಟ್ಟುಕೊಳ್ಳೋದು ನೋಡು" ಅಂದೆ. ಥಟ್ಟನೆ ಹಿಡಿದಳು. "ಹಾಗಾದ್ರೆ ಹೆಸರಲ್ಲಿ ನಡು ಅನ್ನೋದೇ ಬರಬೇಕಲ್ವಾ?"

ಹೌದಲ್ಲ! ಕಳೆದುಹೋಗುವುದು ನಡು, ನಾವೋ ತುದಿಗಳನ್ನೇ ಹಿಡಿದು ಜಗ್ಗುತ್ತಿದ್ದೇವೆ. 'ನಡುಗಳೆಯುವ ಆಯ್ಕೆ' ಅಂದರೆ ಹೇಗೆ? 'ನಡುಗಳೆತ' ಅಂತ ಚುಟುಕಾಗಿಸಿದರೆ ಚಳಿಗೆ ನಡುಗಿದ ಹಾಗೆ ಕೇಳಿಸುತ್ತದೆ, ಅದೇ ತೊಂದರೆ. 'ನಡುಬಿಟ್ಟ ಆಯ್ಕೆ'ಯೂ ಆದೀತೇನೋ. ಇವೆರಡರಲ್ಲಿ ಯಾವುದು ಬಾಯಿಗೆ ಹಗುರ? ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಇದಕ್ಕೆ ಏನು ಹೇಳುತ್ತೀರಿ ಅಂತ ತಿಳಿಸಿ.