ಹಳೆಯ ರೆಕಾರ್ಡ್ ಪ್ಲೇಯರಿಗೆ 18,000 ರೂಪಾಯಿ ಕೊಡಬಹುದೇ?

ಪ್ರಶ್ನೆ (ಗದಗ)
ನಮ್ಮ ಅಜ್ಜ ಕೂಡಿಟ್ಟಿದ್ದ ನಲವತ್ತು ಪ್ಲೇಟುಗಳು ಅಟ್ಟದ ಮೇಲಿವೆ. ಹೆಚ್ಚಿನವು ಹಿಂದುಸ್ತಾನಿ ಗಾಯನದ ಎಲ್‌ಪಿಗಳು (ನಿಮಿಷಕ್ಕೆ 33⅓ ಸುತ್ತುವವು); ಏಳೆಂಟು ಮಾತ್ರ ನಿಮಿಷಕ್ಕೆ 78 ಸುತ್ತುವ ಅರಗಿನ ಪ್ಲೇಟುಗಳು. ಅವುಗಳಲ್ಲೊಂದರ ಮೇಲೆ ‘ಗಾಂಧಾರಿ’ ಎಂದಿದೆ. ಗಂಗೂಬಾಯಿ ಹಾನಗಲ್ ಅವರ ಆರಂಭದ ಪ್ಲೇಟುಗಳು ಆ ಹೆಸರಿನಲ್ಲಿಯೇ ಬಂದಿದ್ದರಿಂದ ಅದನ್ನೊಮ್ಮೆ ಕೇಳಲೇಬೇಕೆಂಬ ಆಸೆ. ಹುಬ್ಬಳ್ಳಿಯ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು 1970ರ ದಶಕದ ವಿದೇಶಿ ಪ್ಲೇಯರಿಗೆ 18,000, ಆಂಪ್ಲಿಫೈಯರಿಗೆ ಬೇರೆ 14,000 ಕೇಳುತ್ತಿದ್ದಾರೆ. ಇದು ನ್ಯಾಯವಾದ ಬೆಲೆಯೇ?

ಉತ್ತರ 1 (ಹುಬ್ಬಳ್ಳಿ, ರೇಡಿಯೋ ದುರಸ್ತಿಗಾರ)
ಬೆಲೆ ಚೌಕಾಸಿ ಮಾಡುವ ಮೊದಲು ಯಂತ್ರದ ಹಿಂಬದಿಯ ಪಟ್ಟಿಯನ್ನು ಓದಿರಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸುತ್ತದೆಯೇ ಹೊರತು ಆವರ್ತನವನ್ನಲ್ಲ. ಕರೆಂಟಿನ ಆವರ್ತನಕ್ಕೆ ತಕ್ಕ ವೇಗದಲ್ಲಿ ತಿರುಗುವ ಸಿಂಕ್ರೊನಸ್ ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುವುದರಿಂದ, ನಿಮಿಷಕ್ಕೆ 33⅓ ಸುತ್ತಬೇಕಾದ ಪ್ಲೇಟು 28ನ್ನೂ ಮುಟ್ಟುವುದಿಲ್ಲ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡಿದವರು ಮಂದ್ರದ ಕಪ್ಪು ಐದರಲ್ಲಿ ಹಾಡಿದಂತೆ ಕೇಳಿಸುತ್ತದೆ. ಧಾರವಾಡದ ಕಡೆಯ ಕಿವಿ ಅದನ್ನು ಸಹಿಸೀತೇ? ಅದನ್ನು ಸರಿಪಡಿಸಲು ಮೋಟಾರಿಗೆ 50 ಹರ್ಟ್ಸ್‌ನ ಪುಲ್ಲಿಯನ್ನು (ತಟ್ಟೆಯನ್ನು ತಿರುಗಿಸುವ ಪುಟ್ಟ ಗಾಲಿ) ಹುಡುಕಿ ಹಾಕಿಸಬೇಕಾಗುತ್ತದೆ. ಆ ಕಾಲದ ಅನೇಕ ಪ್ಲೇಯರುಗಳಲ್ಲಿ 33 ಮತ್ತು 45ರ ವೇಗಗಳು ಮಾತ್ರ ಇರುತ್ತವೆ ಎಂಬುದೂ ನೆನಪಿರಲಿ. 78ರ ಗೀರು ಅಗಲವಾದದ್ದು. ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು, ಎಲ್‌ಪಿಗೆ 18 ಮೈಕ್ರಾನ್ ಸಾಕು. ಆದ್ದರಿಂದ ಎರಡು ಮುಳ್ಳುಗಳ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಉತ್ತರ 2 (ಹಾವೇರಿ)
ಮೇಲಿನವರ ಮಾತಿಗೆ ನನ್ನ ಅನುಭವವೇ ಸಾಕ್ಷಿ. ವಾಲ್ವ್ ಆಂಪ್ಲಿಫೈಯರೊಂದನ್ನು 6,000ಕ್ಕೆ ಅಗ್ಗವಾಗಿ ಕೊಂಡೆನೆಂದು ಬೀಗಿದ್ದ ನಾನು, ಒಣಗಿದ ಕೆಪಾಸಿಟರುಗಳನ್ನು ಬದಲಿಸದೆ ಕರೆಂಟು ಕೊಟ್ಟು ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಕೊಂಡೆ. ದುರಸ್ತಿಗೆ 9,000 ಹೋಯಿತು. ಹಿತ್ತಾಳೆ ಕೊಳವೆಯ ‘ಪುರಾತನ’ ಗ್ರಾಮೊಫೋನುಗಳ ತಂಟೆಗಂತೂ ಹೋಗಬೇಡಿ, ಅವುಗಳಲ್ಲಿ ಬಹಳಷ್ಟು ಇತ್ತೀಚೆಗೆ ಜೋಡಿಸಿದವು. ನಮ್ಮಲ್ಲೇ ತಯಾರಾಗುತ್ತಿದ್ದ ಎಚ್‌ಎಂವಿ ಪೆಟ್ಟಿಗೆ ಪ್ಲೇಯರು ಸಿಕ್ಕರೆ ‘ಗಾಂಧಾರಿ’ ಪ್ಲೇಟಿಗೆ ಅದೇ ಸಾಕು. ಆದರೆ ಅದರ ಮುಳ್ಳಿನ ಭಾರ ಹೆಚ್ಚು, ಒಳ್ಳೆಯ ಎಲ್‌ಪಿಗಳನ್ನು ಅದರ ಮೇಲೆ ಇಡಬೇಡಿ.

ಪ್ರಶ್ನೆ ಕೇಳಿದವರು
ಪಟ್ಟಿಯನ್ನು ನೋಡಿ ಬಂದೆ: 120 ವೋಲ್ಟ್, 60 ಹರ್ಟ್ಸ್, 78ರ ವೇಗವಿಲ್ಲ. ಪುಲ್ಲಿಯನ್ನು ನೀವೇ ತರಿಸಿಕೊಳ್ಳಿ ಎಂದು ವ್ಯಾಪಾರಿ ಹೇಳಿದರು. ಕೈಬಿಟ್ಟೆ.

ಉತ್ತರ 3 (ಧಾರವಾಡ)
ಯಂತ್ರದ ಮಾತು ನಿಧಾನವಾಗಿ ಆಗಲಿ. ಪ್ಲೇಟುಗಳು ಅಟ್ಟದ ಮೇಲಿವೆ ಎಂದಿದ್ದೀರಿ. ಗದಗಿನ ಬಿಸಿಲಿಗೆ ಎಲ್‌ಪಿಗಳು ಹಪ್ಪಳದಂತೆ ಸೊಟ್ಟಗಾಗುತ್ತವೆ. ಇಂದೇ ಕೆಳಗಿಳಿಸಿ, ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಿ.