ಬಲೆಯ ಸೀಸದ ಗುಂಡಿಗೂ ತಂದೆಯವರ ಬಿಪಿಗೂ ಸಂಬಂಧವಿದೆಯೇ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಾವು ಕಾರವಾರ ತಾಲೂಕಿನ ಮಾಜಾಳಿಯವರು. 56 ವರ್ಷದ ನಮ್ಮ ತಂದೆಯವರು ಹಳೇ ಬ್ಯಾಟರಿಯ ಸೀಸವನ್ನು ಹಿತ್ತಲ ಒಲೆಯ ಮೇಲೆ ಬಾಣಲೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಬಲೆಗೆ ಕಟ್ಟುವ ಗುಂಡುಗಳನ್ನು 20 ವರ್ಷಗಳಿಂದ ತಾವೇ ಮಾಡಿಕೊಳ್ಳುತ್ತಾರೆ. ನಡುವೆ ಅದೇ ಕೈಯಲ್ಲಿ ಎಲೆ-ಅಡಿಕೆಯ ಕವಳವನ್ನೂ ಹಾಕುತ್ತಾರೆ. ಎರಡು ಬಗೆಯ ಮಾತ್ರೆ ತೆಗೆದುಕೊಂಡರೂ ಬಿಪಿ 150/96ರಿಂದ ಇಳಿಯುತ್ತಿಲ್ಲ. ಸೀಸ ಇದಕ್ಕೆ ಕಾರಣವಿರಬಹುದೇ?

ಉತ್ತರ: ಇರಬಹುದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಒಲೆ ಹೆಚ್ಚು ಕಾದರೆ ಅದರ ಆವಿ ಉಸಿರಿಗೆ ಸೇರುತ್ತದೆ. ಆದರೆ ಹೊಗೆಗಿಂತ ನನಗೆ ಕವಳದ ಸಂಗತಿಯೇ ಹೆಚ್ಚು ಚಿಂತೆ ಹುಟ್ಟಿಸಿತು. ಕರಗಿದ ಸೀಸದ ಮೇಲೆ ಕಟ್ಟುವ ಬೂದು ಬಣ್ಣದ ಕೆನೆಯಂಥ ಪದರವನ್ನು ಸೌಟಿನಿಂದ ಕೆರೆದು ಬದಿಗೆ ಹಾಕುತ್ತಾರಲ್ಲ, ಅದು ಸೀಸದ ಆಕ್ಸೈಡ್. ಅದರ ನುಣುಪಾದ ಪುಡಿ ಉಗುರಿನ ಸಂದಿಗೆ ಸೇರಿ, ಅಲ್ಲಿಂದ ಎಲೆ-ಸುಣ್ಣದ ಜೊತೆ ನೇರವಾಗಿ ಬಾಯಿಗೆ ಹೋಗುತ್ತದೆ.

ರಕ್ತಕ್ಕೆ ಸೇರಿದ ಸೀಸ, ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ತಗ್ಗಿಸಿ ನಾಳಗಳನ್ನು ಬಿಗಿಗೊಳಿಸುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಉಪ್ಪು-ನೀರಿನ ಲೆಕ್ಕ ನೋಡುವ ಮೂತ್ರಪಿಂಡವನ್ನೂ ಕೆಡಿಸುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆಯಾದರೂ ಮೂಳೆಯಲ್ಲಿ ಕೂತದ್ದು ದಶಕಗಳ ಕಾಲ ಉಳಿದು, ಸ್ವಲ್ಪಸ್ವಲ್ಪವಾಗಿ ಮತ್ತೆ ರಕ್ತಕ್ಕೆ ಬರುತ್ತಿರುತ್ತದೆ.

ಹಾಗೆಂದು ಎಲ್ಲವನ್ನೂ ಸೀಸದ ತಲೆಗೆ ಕಟ್ಟುವಂತಿಲ್ಲ. ರಕ್ತದ ಸೀಸ ಇಮ್ಮಡಿಯಾದರೆ ಬಿಪಿಯ ಮೇಲಿನ ಅಂಕಿ ಏರುವುದು ಸರಾಸರಿ 1ರಷ್ಟು ಮಾತ್ರ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ಮಾತ್ರ ಲೆಕ್ಕ ಬೇರೆ. ನಮ್ಮ ಕರಾವಳಿಯ ಒಣಮೀನಿನ ಉಪ್ಪು, ಕವಳದ ತಂಬಾಕು ಇವನ್ನೂ ನೋಡಬೇಕು. ತೋಳಿನ ರಕ್ತದಲ್ಲಿ ಸೀಸದ ಪ್ರಮಾಣವನ್ನೂ, ಜೊತೆಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರವನ್ನೂ ಪರೀಕ್ಷಿಸಿ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲವನ್ನು ಹುಡುಕಿ ತಪ್ಪಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಿಮ್ಮಲ್ಲಿ ಮೂಲ ಹಿತ್ತಲಲ್ಲೇ ಇದೆ. ಬಿಪಿ ಮಾತ್ರೆಯನ್ನಂತೂ ನಿಲ್ಲಿಸಬೇಡಿ.

ಪ್ರಶ್ನೆ: ಸೀಸವನ್ನು ದೇಹದಿಂದ ತೆಗೆಯುವ ಔಷಧಿ ಇದೆಯಂತೆ. ಕೊಡಿಸಬಹುದೇ? ಮನೆಯಲ್ಲಿ ನನ್ನ ಮೂರು ವರ್ಷದ ಮಗನೂ ಇದ್ದಾನೆ.

ಉತ್ತರ: ಆ ಔಷಧಿ ಪ್ರಮಾಣ ಬಹಳ ಹೆಚ್ಚಿದ್ದಾಗ, ತಜ್ಞರ ನಿಗಾದಲ್ಲಿ ಕೊಡುವಂಥದ್ದು, ಬಿಪಿ ಇಳಿಸಲೆಂದು ಅದನ್ನು ಕೊಡುವುದಿಲ್ಲ. ಮಗನ ರಕ್ತವನ್ನು ಮಾತ್ರ ಈ ವಾರವೇ ಪರೀಕ್ಷಿಸಿ, ಏಕೆಂದರೆ ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕರಗಿಸುವುದನ್ನು ನಿಲ್ಲಿಸಿ, ಸಿದ್ಧ ಗುಂಡುಗಳನ್ನೇ ಕೊಳ್ಳಲು ತಂದೆಯವರಿಗೆ ಹೇಳಿ. ಅವನ್ನು ಮುಟ್ಟಿದ ಮೇಲೂ ಸೋಪಿನಿಂದ ಕೈ ತೊಳೆಯದೆ ಕವಳದ ಸಂಚಿಗೆ ಕೈ ಹಾಕಬಾರದು. ಒಲೆಯ ಸುತ್ತಲಿನ ಬೂದಿಯನ್ನು ಒಣಗಿದ್ದಾಗ ಗುಡಿಸದೆ, ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ; ಆ ಕೆಲಸಕ್ಕೆ ಉಟ್ಟ ಲುಂಗಿಯನ್ನು ಮಗುವಿನ ಬಟ್ಟೆಯ ಜೊತೆ ನೆನೆಹಾಕಬೇಡಿ.